ಲಾಡ್ಜ್ ಕೌಂಟರಿನಲ್ಲಿ ಆಧಾರ್ ಕೊಡುವ ಮುನ್ನ

ಗವಿಮಠದ ಜಾತ್ರೆಯ ದಿನಗಳಲ್ಲಿ ಕೊಪ್ಪಳದಲ್ಲಿ, ಹನುಮಮಾಲೆಯ ಭಕ್ತರು ಅಂಜನಾದ್ರಿಗೆ ಬರುವ ಹೊತ್ತಿನಲ್ಲಿ ಗಂಗಾವತಿಯಲ್ಲಿ, ಲಾಡ್ಜಿನಲ್ಲೊಂದು ರೂಮು ಸಿಕ್ಕರೆ ಸಾಕು ಎನ್ನುವಂತಿರುತ್ತದೆ. ರಾತ್ರಿ ಬಸ್ಸಿಳಿದು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನಿಂತವರು, 'ಎಲ್ಲಾರದೂ ಆಧಾರ್ ಜೆರಾಕ್ಸ್ ಕೊಡ್ರಿ' ಎಂಬ ಮಾತು ಕೇಳಿದೊಡನೆ ಇದ್ದದ್ದನ್ನೆಲ್ಲ ಕೊಟ್ಟುಬಿಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೆಯೇ ಕೊಡುತ್ತಿದ್ದೆ. ಒಮ್ಮೆ ರೂಮು ಖಾಲಿ ಮಾಡುವಾಗ ಮ್ಯಾನೇಜರು ನಮ್ಮ ಲೆಕ್ಕವನ್ನು ಒಂದು ಹಾಳೆಯ ಮೇಲೆ ಗೀಚಿ ಕೈಗಿತ್ತರು. ತಿರುಗಿಸಿ ನೋಡಿದರೆ ಅದು ಯಾರದೋ ಆಧಾರಿನ ಜೆರಾಕ್ಸ್ ಆಗಿತ್ತು. ಹೆಣ್ಣುಮಗಳೊಬ್ಬಳ ಮುಖ, ಹನ್ನೆರಡೂ ಅಂಕಿಗಳು, ಮನೆ ನಂಬರು, ಓಣಿಯ ಹೆಸರು, ಮೂಲೆಯಲ್ಲಿ ನೀಲಿ ಪೆನ್ನಿನಿಂದ ಬರೆದ ಮೊಬೈಲ್ ಸಂಖ್ಯೆ, ಎಲ್ಲವೂ ಅದರಲ್ಲಿದ್ದವು. ಅವರಿಗೆ ದುರುದ್ದೇಶವೇನೂ ಇರಲಿಲ್ಲ. ಅದು ಅವರಿಗೆ ಬರೀ ರದ್ದಿ ಕಾಗದವಾಗಿತ್ತು. ನಮ್ಮ ಮಾಹಿತಿ ಹೆಚ್ಚಾಗಿ ಹೊರಬೀಳುವುದು ಹೀಗೆಯೇ ಎಂದು ನಾನು ನಂಬಿದ್ದೇನೆ.

ತಂಗುವವರ ಹೆಸರು, ವಿಳಾಸ ಬರೆದಿಟ್ಟುಕೊಳ್ಳುವುದು ಲಾಡ್ಜಿನವರ ಹೊಣೆ. ಪೊಲೀಸರು ಬಂದು ಕೇಳಿದಾಗ ಅವರು ರಿಜಿಸ್ಟರ್ ತೋರಿಸಬೇಕಾಗುತ್ತದೆ. ಆದ್ದರಿಂದ ಗುರುತಿನ ಚೀಟಿ ಕೊಡುವುದಿಲ್ಲವೆಂದು ಜಗಳಕ್ಕೆ ನಿಲ್ಲುವುದು ಸರಿಯಲ್ಲ. ಆದರೆ ಅದು ಆಧಾರೇ ಆಗಬೇಕೆಂದಿಲ್ಲ. ಡ್ರೈವಿಂಗ್ ಲೈಸೆನ್ಸ್ ಅಥವಾ ಮತದಾರರ ಗುರುತಿನ ಚೀಟಿ ಇದ್ದರೆ ಮೊದಲು ಅದನ್ನೇ ಮುಂದಿಡಿ. ಪ್ಯಾನ್ ಕಾರ್ಡ್ ಮಾತ್ರ ಕೊಡಬೇಡಿ; ಅದರಲ್ಲಿ ವಿಳಾಸವಿಲ್ಲದ್ದರಿಂದ ಲಾಡ್ಜಿಗೆ ಉಪಯೋಗ ಕಡಿಮೆ, ಹಣಕಾಸಿನ ವ್ಯವಹಾರಕ್ಕೆ ಜೋಡಣೆಯಾಗಿರುವುದರಿಂದ ನಿಮಗೆ ಅಪಾಯ ಹೆಚ್ಚು.

ಆಧಾರನ್ನೇ ಕೊಡಬೇಕಾಗಿ ಬಂದರೆ 'ಮಾಸ್ಕ್ಡ್ ಆಧಾರ್' ಕೊಡಿ. ಊರು ಬಿಡುವ ಮೊದಲೇ ನಿಮ್ಮ ಮೊಬೈಲಿನಲ್ಲಿ ಆಧಾರ್ ಪ್ರಾಧಿಕಾರದ 'ಮೈಆಧಾರ್' ಜಾಲತಾಣವನ್ನು ತೆರೆದು, ಒಟಿಪಿಯಿಂದ ಒಳಹೋಗಿ, ಆಧಾರ್ ಡೌನ್‌ಲೋಡ್ ಮಾಡುವ ಪುಟದಲ್ಲಿ ಮಾಸ್ಕ್ಡ್ ಪ್ರತಿ ಬೇಕೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕಿದರೆ, ಮೊದಲ 8 ಅಂಕಿಗಳು ಮರೆಯಾಗಿ ಕೊನೆಯ 4 ಮಾತ್ರ ಕಾಣುವ ಪಿಡಿಎಫ್ ಸಿಗುತ್ತದೆ. ಆಧಾರಿನಲ್ಲಿ ಇಂಗ್ಲಿಷಿನಲ್ಲಿರುವ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ದೊಡ್ಡಕ್ಷರಗಳಲ್ಲಿ ಬರೆದು, ಅದಕ್ಕೆ ಹುಟ್ಟಿದ ವರ್ಷವನ್ನು ಸೇರಿಸಿದರೆ ಅದೇ ಆ ಫೈಲಿನ ಪಾಸ್‌ವರ್ಡ್. ಇಷ್ಟು ಸುಲಭದ ಪಾಸ್‌ವರ್ಡನ್ನು ನಿಮ್ಮನ್ನು ಬಲ್ಲವರು ಯಾರಾದರೂ ಊಹಿಸಬಲ್ಲರು. ಹಾಗಾಗಿ ಪಾಸ್‌ವರ್ಡ್ ಇದೆಯೆಂಬ ಧೈರ್ಯದಿಂದ ಪೂರ್ತಿ ಆಧಾರಿನ ಫೈಲನ್ನು ಯಾರಿಗೂ ಕಳಿಸಬೇಡಿ. ಮಾಸ್ಕ್ಡ್ ಪ್ರತಿಯಲ್ಲೂ ಫೋಟೊ, ವಿಳಾಸ ಇರುತ್ತವೆ ಎಂಬುದು ನೆನಪಿರಲಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಮೇಲೆ ಅವರ ಕಂಪ್ಯೂಟರಿನಿಂದ ಫೈಲನ್ನು ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ.

ಪ್ರತಿಯನ್ನು ಕೈಗೆ ಕೊಡುವ ಮುನ್ನ ಅದರ ಮೇಲೆ ಲಾಡ್ಜಿನ ಹೆಸರು, ದಿನಾಂಕ, 'ವಸತಿಗೆ ಮಾತ್ರ' ಎಂಬ ಮಾತು, ನಿಮ್ಮ ಸಹಿ ಇಷ್ಟನ್ನೂ ಬರೆಯಿರಿ. ಖಾಲಿ ಅಂಚಿನಲ್ಲಿ ಬರೆದರೆ ಕತ್ತರಿಸಿ ತೆಗೆಯಬಹುದು. ಅಚ್ಚಾದ ಅಕ್ಷರಗಳ ಮೇಲೆಯೇ, ಮುಖ ಮುಚ್ಚದಂತೆ, ಓರೆಯಾಗಿ ಬರೆಯಿರಿ.

ಈಗ ಹಲವೆಡೆ ಜೆರಾಕ್ಸಿನ ಬದಲು 'ಈ ನಂಬರಿಗೆ ವಾಟ್ಸ್ಆ್ಯಪ್ ಮಾಡ್ರಿ' ಎನ್ನುತ್ತಾರೆ. ಇದು ಕಾಗದಕ್ಕಿಂತ ಕೆಟ್ಟದ್ದು, ಏಕೆಂದರೆ ಆ ನಂಬರು ಬಹಳ ಸಲ ಕೌಂಟರಿನ ಹುಡುಗನ ಸ್ವಂತ ಮೊಬೈಲಿನದು. ಅವನು ಕೆಲಸ ಬಿಟ್ಟು ಹೋದರೂ ನಿಮ್ಮ ಚಿತ್ರ ಅವನ ಗ್ಯಾಲರಿಯಲ್ಲೇ ಉಳಿಯುತ್ತದೆ. 'ತಮ್ಮಾ, ಕಾಗದದ ಪ್ರತಿ ಕೊಡ್ತೀನಿ, ಅದನ್ನ ಫೈಲಿಗೆ ಹಾಕು' ಎಂದು ಸಮಾಧಾನದಿಂದ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಳಿಸಲೇಬೇಕಾದರೆ ಮಾಸ್ಕ್ಡ್ ಪ್ರತಿಯನ್ನೇ ಕಳಿಸಿ, ಹೊರಡುವಾಗ ಚಾಟ್ ಮತ್ತು ಗ್ಯಾಲರಿ ಎರಡರಿಂದಲೂ ಅಳಿಸಲು ಕೇಳಿ.

ರಿಜಿಸ್ಟರ್ ಕೌಂಟರಿನ ಮೇಲೆ ತೆರೆದೇ ಇರುತ್ತದೆ. ನಿಮಗಿಂತ ಮುಂಚೆ ಬಂದವರ ಫೋನ್ ನಂಬರು ನಿಮಗೆ ಹೇಗೆ ಕಾಣುತ್ತದೆಯೋ, ನಿಮ್ಮದು ನಂತರ ಬರುವವರಿಗೆ ಹಾಗೆಯೇ ಕಾಣುತ್ತದೆ. ಒಂಟಿಯಾಗಿ ತಂಗುವ ಹೆಣ್ಣುಮಕ್ಕಳು ಬರೆದ ಕೂಡಲೇ ಪುಸ್ತಕ ಮುಚ್ಚಲು ಹೇಳುವುದು, ರೂಮಿನ ನಂಬರನ್ನು ಎಲ್ಲರೆದುರು ಕೂಗಿ ಹೇಳದಂತೆ ಕೇಳಿಕೊಳ್ಳುವುದು ಒಳ್ಳೆಯದು.

ಊರಿನ ಹಿರಿಯರಿಗೆ ಇನ್ನೊಂದು ಕಾಳಜಿ ಬೇಕು. ಹೆಬ್ಬೆಟ್ಟು ಒತ್ತಿ ಖಾತೆಯಿಂದ ಹಣ ತೆಗೆಯುವ ಸೌಲಭ್ಯವಿರುವುದರಿಂದ, ಆಧಾರ್ ಸಂಖ್ಯೆಯ ಜೊತೆಗೆ ಬೆರಳಚ್ಚಿನ ನಕಲೂ ವಂಚಕರ ಕೈ ಸೇರಿದರೆ ಒಟಿಪಿ ಇಲ್ಲದೆಯೇ ಹಣ ಹೋಗಬಹುದು. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚಿನ ಬಳಕೆಗೆ ಬೀಗ, ಹಾಕಿಟ್ಟರೆ ಈ ದಾರಿ ಮುಚ್ಚುತ್ತದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ತಾತ್ಕಾಲಿಕವಾಗಿ ತೆರೆಯಲು ಮರೆಯಬಾರದು.

ರೂಮಿನೊಳಗೆ ಎಚ್ಚರ ವಹಿಸಬೇಕಾದದ್ದು ಸ್ವಲ್ಪವೇ. ಲಾಡ್ಜಿನ ವೈಫೈನಲ್ಲಿದ್ದಾಗ ಬ್ಯಾಂಕ್ ವ್ಯವಹಾರ ಮಾಡದೆ ನಿಮ್ಮ ಸ್ವಂತ ಡೇಟಾ ಬಳಸಿ. ಟಿವಿಯಲ್ಲಿ ನಿಮ್ಮ ಖಾತೆಯಿಂದ ಏನಾದರೂ ನೋಡಿದ್ದರೆ ಲಾಗ್‌ಔಟ್ ಮಾಡಿ. ರೂಮಿಗೆ ಫೋನ್ ಮಾಡಿ, ಕೌಂಟರಿನಿಂದ ಮಾತಾಡುತ್ತಿದ್ದೇವೆಂದು ಕಾರ್ಡ್ ನಂಬರನ್ನೋ ಒಟಿಪಿಯನ್ನೋ ಕೇಳಿದರೆ ಫೋನಿಟ್ಟು, ಕೆಳಗಿಳಿದು ಹೋಗಿ ವಿಚಾರಿಸಿ.

ಹಣ ಹೋಯಿತೆಂದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಆಧಾರಿನ ವಿಚಾರಕ್ಕೆ 1947 ಇದೆ. ಆಧಾರನ್ನು ಎಲ್ಲೆಲ್ಲಿ ಬಳಸಲಾಗಿದೆ ಎಂಬ ದೃಢೀಕರಣದ ವಿವರವೂ ಮೈಆಧಾರ್ ಜಾಲತಾಣದಲ್ಲೇ ಸಿಗುತ್ತದೆ. ಪ್ರವಾಸ ಮುಗಿಸಿ ಬಂದ ವಾರದಲ್ಲಿ ಒಮ್ಮೆ ಅದನ್ನು ತೆಗೆದು, ನೀವು ಮಾಡದ ಬಳಕೆ ಯಾವುದಾದರೂ ಇದೆಯೇ ಎಂದು ಪರಿಶೀಲಿಸಿ.