ಕುಡಿತ ಬಿಟ್ಟವರ ಕೈಗೇ ದುಡ್ಡಿನ ಡಬ್ಬಿ ಕೊಟ್ಟೆ

ಕುಡಿತ, ಹೆರಾಯಿನ್ ಬಿಟ್ಟವರು ಒಟ್ಟಿಗೆ ಇರಲು ನಾನೊಂದು ಬಾಡಿಗೆ ಮನೆ ನಡೆಸುತ್ತೇನೆ. ಆ ಮನೆಯ ದುಡ್ಡಿನ ಡಬ್ಬಿಯನ್ನು ಅಲ್ಲಿರುವವರ ಕೈಗೇ ಕೊಡುತ್ತೇನೆ ಎಂದಾಗ ಈ ಕೆಲಸದಲ್ಲಿರುವ ಸ್ನೇಹಿತರು ಯಾರೂ ಒಪ್ಪಲಿಲ್ಲ. 'ತಿಂಗಳು ತುಂಬೋದ್ರೊಳಗೆ ಡಬ್ಬಿನೂ ಇರಲ್ಲ, ಹುಡುಗರೂ ಇರಲ್ಲ' ಎಂದರು. ಈಗ ನಾಲ್ಕು ವರ್ಷವಾಯಿತು. ಡಬ್ಬಿ ಇದೆ. ಎಂಟು ಹಾಸಿಗೆಯೂ ಭರ್ತಿ.

ಅದಕ್ಕೂ ಮುಂಚಿನ ಎರಡು ವರ್ಷ ನಾನೇ ಕಾವಲುಗಾರ, ನಾನೇ ಲೆಕ್ಕಿಗ, ತೀರ್ಪು ಕೊಡುವವನೂ ನಾನೇ. ರಾತ್ರಿ ರೂಮು ತಡಕುತ್ತಿದ್ದೆ. ಒಮ್ಮೆ ಫ್ಲಶ್‌ನಲ್ಲಿ ನೀರು ಸರಿಯಾಗಿ ಬರುತ್ತಿಲ್ಲ ಅಂತ ಟ್ಯಾಂಕಿನ ಮುಚ್ಚಳ ತೆಗೆದರೆ, ಒಳಗೆ ದಾರಕ್ಕೆ ಕಟ್ಟಿ ಇಳಿಬಿಟ್ಟ ಬಾಟಲಿ! ನಾನು ಹುಡುಕಿದಷ್ಟೂ ಅವರು ಬಚ್ಚಿಡುವುದನ್ನು ಕಲಿತರು, ಅಷ್ಟೇ.

ದುಡ್ಡಿನ ಕಥೆ ಇನ್ನೂ ಕೆಟ್ಟದು. ಎಂಟರಲ್ಲಿ ಆರು ಜನ ಪಾಲು ಕೊಟ್ಟರೆ ಬಾಡಿಗೆ, ಕರೆಂಟು, ಅಡುಗೆ ಎಲ್ಲ ಸರಿಹೋಗುತ್ತದೆ. ಕೊಡುತ್ತಿದ್ದವರು ನಾಲ್ಕೇ ಜನ. ಒಬ್ಬನಿಗೆ ಕೆಲಸ ಹೋಯಿತೆಂದು ಬಾಕಿ ಮನ್ನಾ ಮಾಡಿದೆ. ಹದಿನೈದು ದಿನದಲ್ಲಿ ಇನ್ನೂ ಮೂವರು ನಿಲ್ಲಿಸಿದರು. ಹನ್ನೊಂದು ತಿಂಗಳೋ ಏನೋ ಕೈಯಿಂದ ಹಾಕಿದೆ. ಗಾಡಿ ಮಾರಿದ್ದು ಆಗಲೇ.

ಡಬ್ಬಿ ಅವರ ಕೈಗೇ ಕೊಡುವ ಯೋಚನೆ ಬಂದದ್ದು ಆಕ್ಸ್‌ಫರ್ಡ್ ಹೌಸ್‌ನಿಂದ, ಅಂದರೆ ಚಟ ಬಿಟ್ಟವರು ತಾವೇ ನಡೆಸಿಕೊಳ್ಳುವ ಮನೆಗಳಿಂದ. 1975ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಕುಡಿತ ಬಿಟ್ಟವರಿಗಾಗಿ ಇದ್ದ ಸರ್ಕಾರಿ ಮನೆಯೊಂದು ಮುಚ್ಚುವ ಹೊತ್ತಿಗೆ, ಅಲ್ಲಿದ್ದ ಪಾಲ್ ಮೊಲ್ಲಾಯ್ ಮತ್ತು ಜೊತೆಯವರು ತಾವೇ ಬಾಡಿಗೆ ಕಟ್ಟಿ ನಡೆಸಿದರು. ಖರ್ಚು ಅವರದೇ, ವೋಟು ಅವರದೇ, ಕುಡಿದವನು ಹೊರಗೆ. ನಾನು ತೆಗೆದುಕೊಂಡದ್ದು ಆ ಎಲುಬಿನ ಗೂಡು ಮಾತ್ರ. ಮಾಂಸ ತುಂಬಿದ್ದು ನನ್ನ ಹುಡುಗರು.

ಪಾಲನ್ನು ತಿಂಗಳಿಗಲ್ಲ, ವಾರಕ್ಕೆ ವಸೂಲಿ ಮಾಡಲು ಶುರು ಮಾಡಿದೆವು. ಕೈತುಂಬಾ ಸಂಬಳ ಬಂದ ಸಂಜೆ ಎಷ್ಟು ಅಪಾಯ ಅಂತ ನಮಗೆಲ್ಲ ಗೊತ್ತು, ಅಲ್ವಾ? ಸಂಬಳದ ದಿನವೇ ನಾಲ್ಕು ವಾರದ್ದು ಮುಂಗಡ ಕಟ್ಟಿದವನಿಗೆ ಅಡುಗೆ ಪಾಳಿಯಲ್ಲಿ ಒಂದು ದಿನ ರಜೆ. ಖಜಾಂಚಿ ಆರು ತಿಂಗಳಿಗೊಬ್ಬ, ಲೆಕ್ಕದ ಪುಸ್ತಕಕ್ಕೆ ಇಬ್ಬರ ಸಹಿ. ಮೊದಲ ಖಜಾಂಚಿ ತನ್ನ ಸ್ವಂತ ಮನೆಯಲ್ಲಿ ಕಳ್ಳ ಎನಿಸಿಕೊಂಡಿದ್ದವನು. ಮೊದಲ ಭಾನುವಾರ ನೋಟು ಎಣಿಸುವಾಗ ಅವನ ಬೆರಳು ನಡುಗುತ್ತಿತ್ತು, ಮೂರು ಸಲ ಎಣಿಸಿದ. ಒಂದು ನಾಣ್ಯವೂ ಹೆಚ್ಚುಕಡಿಮೆ ಇರಲಿಲ್ಲ. ಮೊದಲು ಒಬ್ಬೊಬ್ಬರು ಆರೇಳು ವಾರ ಇರುತ್ತಿದ್ದರು. ಈಗ ಹೆಚ್ಚುಕಡಿಮೆ ಎಂಟು ತಿಂಗಳು.

ಟೆಸ್ಟ್ ವಿಷಯದಲ್ಲಿ ಒಂದು ತಪ್ಪು ಇವತ್ತಿಗೂ ಚುಚ್ಚುತ್ತದೆ. ರಾತ್ರಿ ಕುಡಿದದ್ದು ಮರುದಿನ ಬ್ರೆತ್‌ಅನಲೈಸರ್‌ನಲ್ಲಿ ಸಿಗದೆ ಹೋಗಬಹುದು, ಅದಕ್ಕೇ ಇಟಿಜಿ ಪಟ್ಟಿ ತಂದೆ. ಕುಡಿತದ ಗುರುತನ್ನು ಮರುದಿನವೂ ಮೂತ್ರದಲ್ಲಿ ಹಿಡಿಯುವ ಪಟ್ಟಿ ಅದು. ಒಬ್ಬನದು ಪಾಸಿಟಿವ್ ಬಂತು. 'ಅಣ್ಣಾ, ಮುಟ್ಟಿಲ್ಲ' ಎಂದು ಅತ್ತ. ಕೇಳಲಿಲ್ಲ, ಅಂದೇ ಕಳಿಸಿದೆ. ವಾರದ ನಂತರ ಅವನ ಕಪಾಟಿನಲ್ಲಿ ಆಲ್ಕೊಹಾಲ್ ಇರುವ ಮೌತ್‌ವಾಶ್ ಸಿಕ್ಕಿತು. ಅದರಿಂದಲೂ ಪಟ್ಟಿ ಪಾಸಿಟಿವ್ ತೋರಿಸಬಹುದು. ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು ವಾಪಸ್ ಬರಲಿಲ್ಲ. ಈಗ ಪಟ್ಟಿಯ ಮಾತು ಕೊನೆಯಲ್ಲ, ಲ್ಯಾಬ್ ವರದಿ ಬಂದ ಮೇಲೇ ಹೊರಗೆ ಕಳಿಸುವ ವೋಟು. ಮೌತ್‌ವಾಶ್, ಸ್ಯಾನಿಟೈಜರ್ ಒಳಗೆ ಬರುವ ಹಾಗಿಲ್ಲ. ಟೆಸ್ಟ್ ಯಾವ ಹೊತ್ತಿಗೆ ಮಾಡುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ತಪ್ಪು: ಕೈ ನಡುಗುತ್ತಿದ್ದವನನ್ನು ಕರುಣೆಯಿಂದ ನೇರ ಒಳಗೆ ತೆಗೆದುಕೊಂಡದ್ದು. ಕುಡಿತ ಒಮ್ಮೆಲೇ ನಿಂತದ್ದಕ್ಕೆ ಎರಡನೇ ದಿನ ಊಟದ ಮೇಜಿನಲ್ಲೇ ಫಿಟ್ಸ್ ಬಂತು. ಬದುಕಿದ, ಸದ್ಯ. ಅಂದಿನಿಂದ ಡಿಟಾಕ್ಸ್, ಅಂದರೆ ವೈದ್ಯರ ನಿಗಾದಲ್ಲಿ ನಶೆ ಬಿಡಿಸುವ ಮೊದಲ ಚಿಕಿತ್ಸೆ, ಮುಗಿಸಿದ ಚೀಟಿ ಇಲ್ಲದೆ ಯಾರಿಗೂ ಹಾಸಿಗೆ ಇಲ್ಲ.

ಕುಡಿದದ್ದು ಖಚಿತವಾದವನು ಅದೇ ರಾತ್ರಿ ಹೊರಗೆ ಹೋಗಬೇಕು, ಆದರೆ ಬೀದಿಗಲ್ಲ. ಸೇರುವಾಗಲೇ ಅವನು ಹೆಸರು ಬರೆದುಕೊಟ್ಟವರ ಹತ್ತಿರ, ಇಲ್ಲವೇ ಡಿಟಾಕ್ಸ್‌ಗೆ. ಇಬ್ಬರು ಜೊತೆಗೆ ಹೋಗಿ ಬಿಟ್ಟುಬರುತ್ತಾರೆ. ಹೆರಾಯಿನ್ ಚಟದಿಂದ ಬಂದವರ ವಿಷಯದಲ್ಲಂತೂ ಈ ಎಚ್ಚರ ತಪ್ಪಲೇಬಾರದು. ತಿಂಗಳುಗಟ್ಟಲೆ ಬಿಟ್ಟ ದೇಹ ಹಳೇ ಪ್ರಮಾಣವನ್ನು ತಡೆಯಲ್ಲ, ಉಸಿರೇ ನಿಲ್ಲುತ್ತದೆ. ಹೆರಾಯಿನ್ ಅತಿಯಾಗಿ ಉಸಿರು ನಿಲ್ಲುವಾಗ ಅದರ ಪರಿಣಾಮ ಇಳಿಸುವ ಔಷಧ ನಲಾಕ್ಸೋನ್ ಅಡುಗೆಮನೆಯಲ್ಲೊಂದು, ಮಹಡಿಯಲ್ಲೊಂದು ಇಟ್ಟಿದ್ದೇವೆ. ಎಲ್ಲರಿಗೂ ಬಳಸಲು ಬರುತ್ತದೆ.

ಸುಮ್ನೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ರಾತ್ರಿ ಫೋನ್ ಇಸಿದುಕೊಂಡದ್ದರಿಂದ ಏನೂ ಆಗಲಿಲ್ಲ, ಜಗಳ ಜಾಸ್ತಿಯಾಯಿತು. ಒಂದು ರೂಮಿಗೆ ಎಷ್ಟು ಜನ ಅನ್ನುವ ಪ್ರಯೋಗ ಮಾತ್ರ ಭಲೇ ಕೆಲಸ ಮಾಡಿತು. ಒಬ್ಬನೇ ಇದ್ದರೆ ಮಂಕಾಗುತ್ತಾನೆ. ಇಬ್ಬರಿದ್ದರೆ ಒಬ್ಬ ಜಾರಿದ್ದನ್ನು ಇನ್ನೊಬ್ಬ ಮುಚ್ಚಿಡುತ್ತಾನೆ. ಮೂವರಿದ್ದರೆ ಮುಚ್ಚಿಡಲು ಆಗುವುದೇ ಇಲ್ಲ! ಈಗ ಎರಡು ರೂಮಿನಲ್ಲಿ ಮೂವರಂತೆ. ಉಳಿದ ಒಂದು ರೂಮು ವರ್ಷ ದಾಟಿದ ಇಬ್ಬರಿಗೆ. ಹೊಸಬನನ್ನು ಸೇರಿಸಿಕೊಳ್ಳುವಾಗ ಹುಡುಗರು ಕೇಳುವ ಒಂದು ಪ್ರಶ್ನೆ ಇದೆ. ಅದು ನಮ್ಮಲ್ಲೇ ಇರಲಿ, ಹೊರಗೆ ಗೊತ್ತಾದರೆ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಎರಡನೇ ಮನೆಗೆ ಅಡ್ವಾನ್ಸ್ ಕೊಟ್ಟಾಗಿದೆ, ಅರ್ಧ ಅದೇ ಡಬ್ಬಿಯ ಉಳಿತಾಯದಿಂದ. ಅದನ್ನು ಶುರು ಮಾಡಲು ಇಲ್ಲಿಂದ ಇಬ್ಬರು ಹೋಗಬೇಕು. ಯಾರು ಅಂತ ಈ ಭಾನುವಾರ ಅವರೇ ವೋಟು ಹಾಕುತ್ತಾರೆ.