ನಮೂನೆ ‘ಸಿ’ಯಿಂದ ಹಳ್ಳ ಉಳಿಸಿಕೊಂಡ ಬಗೆ: ನನ್ನ ಅನುಭವ

ಹಳ್ಳ-ಹೊಳೆಗಳು ತಮ್ಮಷ್ಟಕ್ಕೆ ಹರಿಯಲಿ ಎಂದು ಬಿಡುವುದಕ್ಕೇ ಅಮೆರಿಕದಲ್ಲಿ 1968ರಿಂದ ಕಾಯ್ದೆ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಹಳ್ಳ ಉಳಿಸಬೇಕು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲು ಮಾಡಿಸಿ. ಅರಣ್ಯ ಹಕ್ಕು ಕಾಯ್ದೆಯಡಿ ನಮೂನೆ ‘ಸಿ’, ಅಂದರೆ ಊರಿನ ಕಾಡನ್ನು ಊರೇ ಕಾಯುವ ಸಾಮೂಹಿಕ ಹಕ್ಕಿನ ಅರ್ಜಿ, ಹಾಕುತ್ತೇವೆ ಎಂದಾಗ, “ಅದು ಒತ್ತುವರಿ ಸಕ್ರಮದ ಕಾಯ್ದೆ ಮಾರಾಯ್ರೆ, ಅದ್ರಲ್ಲಿ ಹಳ್ಳ ಎಲ್ಲಿಂದ ಬಂತು?” ಎಂದವರೇ ಹೆಚ್ಚು. ಹಕ್ಕುಪತ್ರ ಈಗ ಕೈಯಲ್ಲಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಸಂರಕ್ಷಣಾ ಮೀಸಲು ಎನ್ನುವವರು ವನ್ಯಜೀವಿ ಕಾಯ್ದೆಯ 36-ಎ ಕಲಮನ್ನು ಒಮ್ಮೆ ಪೂರ್ತಿ ಓದಬೇಕು. ಅಭಯಾರಣ್ಯದ ಯಾವ ಯಾವ ಕಲಮುಗಳು ಮೀಸಲಿಗೂ ಅನ್ವಯ ಎಂಬ ಪಟ್ಟಿ ಅಲ್ಲಿದೆ. 18(2), 27ರ ಕೆಲವು ಉಪಕಲಮು, 30, 32, 33ರ ಎರಡು ಖಂಡ, ಅಷ್ಟೇ. ಹರಿವನ್ನು ತಡೆಯಬಾರದು, ತಿರುಗಿಸಬಾರದು ಎನ್ನುವ 29ನೇ ಕಲಮು ಆ ಪಟ್ಟಿಯಲ್ಲೇ ಇಲ್ಲ. ಹಳ್ಳಕ್ಕೆ ಬೇಕಾಗಿದ್ದುದು ಅದೊಂದೇ. ಇದನ್ನು ಹಿಡಿದವರು ನಮ್ಮ ಸುತ್ತಮುತ್ತ ಮೊದಲು ನಾವೇ, ಹೇಳಿಕೊಳ್ಳಲು ಸಂಕೋಚವಿಲ್ಲ. ಅರಣ್ಯ ಹಕ್ಕು ಕಾಯ್ದೆಯ 3(1)(ಐ) ಮತ್ತು 5 ಹಾಗಲ್ಲ. ಜಲಾನಯನ, ನೀರಿನ ಮೂಲ ಕಾಯುವ ಅಧಿಕಾರ ಅಲ್ಲಿ ನೇರವಾಗಿ ಗ್ರಾಮಸಭೆಗಿದೆ. ಕಾಡಿಗೆ ಕೆಡುಕಾಗುವ ಕೆಲಸ ನಿಲ್ಲಿಸುವ ತೀರ್ಮಾನವನ್ನೂ ಅದೇ ತೆಗೆದುಕೊಳ್ಳಬಹುದು.

ಮೊದಲ ಸಲ ಕೆಟ್ಟದ್ದು ಕೋರಂನಲ್ಲಿ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿಯಲ್ಲಿ. ಪಂಚಾಯ್ತಿಯ ಮಾಮೂಲು ಗ್ರಾಮಸಭೆಯಲ್ಲೇ ಠರಾವು ಮಾಡಿಸಿದ್ದೆವು. 2012ರ ತಿದ್ದುಪಡಿ ನಿಯಮದ ಪ್ರಕಾರ ಸದಸ್ಯರಲ್ಲಿ ಅರ್ಧದಷ್ಟು ಜನ ಇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಸಾವಿರದ ಮುನ್ನೂರು ಚಿಲ್ಲರೆ ಮತದಾರರಿರುವ ಪಂಚಾಯ್ತಿಯಲ್ಲಿ ಅದು ಆಗದ ಮಾತು. ಹಳ್ಳಕ್ಕೆ ಹತ್ತಿದ ಒಂದೇ ಗ್ರಾಮಕ್ಕೆ ಸಭೆ ಇಳಿಸಿದ ಮೇಲೆ ಇನ್ನೂರರ ಆಸುಪಾಸು ಜನ, ಅಡಿಕೆ ಕೊಯ್ಲು ಮುಗಿದ ವಾರ, ಸಂಜೆ ನಾಲ್ಕಕ್ಕೆ. ಕೋರಂ ತುಂಬಿತು. ನಡಾವಳಿ ಪುಸ್ತಕದಲ್ಲಿ ಹೆಂಗಸರ ಸಹಿಗೆ ಬೇರೆ ಪುಟ ಇಡಿ, ಎಣಿಸಲು ಸುಲಭ.

ಎರಡನೆಯದು ನಕ್ಷೆ. ಅಲ್ಲಿ ದುಡ್ಡು ಹೋಯಿತು. ಹೊರಗಿನವರಿಂದ ಹನ್ನೊಂದು ಸಾವಿರ ಕೊಟ್ಟು ಜಿಪಿಎಸ್ ನಕ್ಷೆ ಮಾಡಿಸಿದ್ದೆವು. ಬಣ್ಣ ಚೆನ್ನಾಗಿತ್ತು, ಸರ್ವೆ ನಂಬರ್ ಒಂದೂ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಹಳ್ಳವನ್ನು ಮೇಲಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಎಳೆದದ್ದು. ತೋಟಗಳ ನಡುವೆ ಹಾಯುವ ಭಾಗ ಕಂದಾಯ ದಾಖಲೆಯಲ್ಲಿ ‘ಬ’ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ), ಅರಣ್ಯ ಭೂಮಿಯಲ್ಲ. ಈ ಕಾಯ್ದೆ ಅಲ್ಲಿಗೆ ತಲುಪುವುದಿಲ್ಲ. ಸುಮಾರು ನಾಲ್ಕು ಕಿಲೋಮೀಟರ್‌ನಲ್ಲಿ ಒಂದೂಕಾಲು ಕಿಲೋಮೀಟರ್ ಕಿತ್ತು ಹಾಕಬೇಕಾಯಿತು. ಆಮೇಲೆ ಗ್ರಾಮ ನಕ್ಷೆಯನ್ನು ಟ್ರೇಸಿಂಗ್ ಪೇಪರ್ ಮೇಲೆ ತೆಗೆದು, ಹಳ್ಳದ ಒಂಬತ್ತು ಗುಂಡಿಗಳನ್ನು ಹೆಸರು ಸಮೇತ ಗುರುತು ಹಾಕಿ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಕೈಯಲ್ಲೇ ಬರೆದೆವು. ಖರ್ಚು ನಾನೂರು ರೂಪಾಯಿ ದಾಟಲಿಲ್ಲ. ಒಪ್ಪಿತವಾದದ್ದು ಆ ನಕ್ಷೆಯೇ.

ಸ್ಥಳ ಪರಿಶೀಲನೆಯ ನೋಟಿಸನ್ನು ಅರಣ್ಯ, ಕಂದಾಯ ಎರಡೂ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಕೊಡದಿದ್ದರೆ ರಿಜಿಸ್ಟರ್ ಅಂಚೆ. ತಿಳಿಸಿಯೂ ಬರದವರು ಆಮೇಲೆ ಆಕ್ಷೇಪ ಎತ್ತಿದರೆ ಮರುಪರಿಶೀಲನೆ ಆಗಬೇಕು, ಅದಕ್ಕೂ ಬರದಿದ್ದರೆ ಸ್ಥಳ ಪರಿಶೀಲನೆಯಲ್ಲಿ ಗ್ರಾಮಸಭೆಯ ತೀರ್ಮಾನವೇ ಅಂತಿಮ ಎಂದು ನಿಯಮವಿದೆ. ಅಂಚೆ ರಸೀದಿಯಿಂದಲೇ ನಮ್ಮ ಕಡತ ಬದುಕಿತು. ಪುರಾವೆ ಒಂದಕ್ಕಿಂತ ಹೆಚ್ಚು ಬೇಕು: ಹಳೆಯ ಗೆಜೆಟಿಯರ್ ಪುಟ, ಅರಣ್ಯ ಕಾರ್ಯಯೋಜನೆಯ ನಕಲು, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ. ಹಿರಿಯರಿಗೆ ಯಾವ ಪ್ರಶ್ನೆ, ಯಾವ ಕ್ರಮದಲ್ಲಿ ಕೇಳಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಎರಡು ಗ್ರಾಮಗಳ ಅರ್ಜಿ ಇನ್ನೂ ನಡೆಯುತ್ತಿದೆ.

ಗ್ರಾಮಸಭೆಯ ಠರಾವನ್ನು ಪರಿಶೀಲಿಸುವ ಉಪವಿಭಾಗ ಸಮಿತಿಯಿಂದ ‘ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲಿನ ಹಿಂಬರಹ ಬಂತು. ಕಡತ ಅಪೂರ್ಣವೆನಿಸಿದರೆ ತಿರಸ್ಕರಿಸುವಂತಿಲ್ಲ, ಮರುಪರಿಶೀಲನೆಗೆ ಗ್ರಾಮಸಭೆಗೇ ಕಳಿಸಬೇಕು. 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋದೆವು. ಎಲ್ಲ ಸೇರಿ ಮೂವತ್ತೆಂಟು ಸಾವಿರದಷ್ಟು ಖರ್ಚು. ಅರ್ಜಿಗೆ ಶುಲ್ಕವಿಲ್ಲ, ಹೆಚ್ಚಿನದು ಜೀಪು ಬಾಡಿಗೆ, ಜೆರಾಕ್ಸ್.

ನಡುವೆ ಒಂದು ಪ್ರಯೋಗ. ದೊಡ್ಡ ಗುಂಡಿಯ ಬಂಡೆಗೆ ಹತ್ತು ಸೆಂಟಿಮೀಟರಿಗೊಂದರಂತೆ ಕೆಂಪು-ಬಿಳಿ ಪಟ್ಟೆ ಬಳಿದೆವು. ಏಪ್ರಿಲ್‌ನಲ್ಲಿ ಹರಿವು ಕಡಿದು ಗುಂಡಿಗಳು ಬೇರೆಬೇರೆಯಾದಾಗ ಮೇಲ್ಗಡೆಯ ನಾಲ್ಕು ಡೀಸೆಲ್ ಪಂಪು ಒಟ್ಟಿಗೆ ಓಡಿದರೆ ರಾತ್ರಿಯೊಳಗೆ ಎರಡು ಪಟ್ಟೆ ಇಳಿಯುತ್ತಿತ್ತು. ಒಂದು ಬಿಟ್ಟು ಒಂದು ದಿನ ಎರಡೆರಡು ಓಡಿಸಿದರೆ ಅರ್ಧ ಪಟ್ಟೆ. ಈ ಲೆಕ್ಕ ಕಣ್ಣೆದುರಿಗೆ ಇದ್ದದ್ದರಿಂದಲೇ ಪಂಪಿನವರೂ ಸರದಿಗೆ ಕೈ ಎತ್ತಿದರು. ಮೂರನೇ ಕೆಂಪು ಪಟ್ಟೆಗಿಂತ ಕೆಳಗೆ ಫುಟ್‌ವಾಲ್ವ್ (ಪಂಪು ನೀರು ಹೀರುವ ಪೈಪಿನ ತುದಿ) ಇಳಿಸಬಾರದು ಎಂದು 5ನೇ ಕಲಮಿನಡಿ ಠರಾವಾಯಿತು. ಮೈಲುತುತ್ತದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದೂ ಅದರಲ್ಲೇ ನಿಷೇಧ. ಗುಂಡಿಗೆ ಮೈಲುತುತ್ತ ಕದಡಿ ಮೀನು ಹಿಡಿಯುವವರಿಗೆ ಮಾತ್ರ ಗ್ರಾಮಸಭೆಯ ದಂಡ ಸಾಲದು, ಮೀನುಗಾರಿಕೆ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬೇಕು. 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲ ದೇವಸ್ಥಾನದ ಹೊಳೆಯ ದೇವರ ಮೀನುಗಳು ವಿಷಕ್ಕೆ ರಾಶಿ ರಾಶಿ ಸತ್ತದ್ದನ್ನು ಮರೆಯುವಂತಿಲ್ಲ.

ಹಕ್ಕುಪತ್ರ ಅನುಬಂಧ 4ರಲ್ಲೇ ಇದೆಯೇ ನೋಡಿ. ಅನುಬಂಧ 3ರಲ್ಲಿ ಕೊಟ್ಟರೆ ಅದು ಬಳಕೆಯ ಹಕ್ಕು ಮಾತ್ರ, ಕಾಯುವ ಹಕ್ಕಲ್ಲ. ಆಮೇಲೆ ಹೆಚ್ಚೆಂದರೆ ಮೂರು ತಿಂಗಳಲ್ಲಿ ಕಂದಾಯ ಮತ್ತು ಅರಣ್ಯ ದಾಖಲೆಗೆ ಏರಿಸಬೇಕು. ತಾನಾಗಿ ಏರುತ್ತದೆಂದು ಕೂರಬೇಡಿ, ತಿಂಗಳಿಗೊಮ್ಮೆ ಪಹಣಿ ತೆಗೆಸಿ. ನಮ್ಮದು ಏರಲು ಏಳು ತಿಂಗಳು ಹಿಡಿಯಿತು, ಎರಡು ಸರ್ವೆ ನಂಬರ್ ಇನ್ನೂ ಬಾಕಿ.