ಉಡಿಯ ಕೊಬ್ಬರಿ ಮತ್ತು ಎಕ್ಸ್‌ರೇ ಪರದೆ

ಪ್ರಯಾಣಿಕರ ಚೆಕ್‌ಇನ್ ಬ್ಯಾಗುಗಳನ್ನು ಎಕ್ಸ್‌ರೇಯಲ್ಲಿ ನೋಡುವುದು ನನ್ನ ಕೆಲಸ. ಈಗ ನಮ್ಮೂರಲ್ಲೇ ಇದ್ದೇನೆ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ. ಕೆಲಸ ಕಲಿತದ್ದು ಬೇರೆ ಊರಲ್ಲಿ. ದೊಡ್ಡ ತಪ್ಪು ಮಾಡಿದ್ದೂ ಅಲ್ಲೇ.

ಒಂದು ದಿನ ಅಲ್ಲಿ ನನಗೆ ಪರಿಚಯದ ಕುಟುಂಬವೊಂದು ಬಂತು. ಬ್ಯಾಗಿನಲ್ಲಿ ಎರಡು ಒಣಕೊಬ್ಬರಿ ಬಟ್ಟಲು. ಚೆಕ್‌ಇನ್ ಬ್ಯಾಗಿನಲ್ಲಿ ಅದಕ್ಕೆ ತಡೆ ಇದೆ. ಎರಡೇ ಅಲ್ವಾ ಅಂತ ಬಿಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜ ಬಂದರು. ಅವರ ಚೀಲದಲ್ಲೂ ಅದೇ. ಆಗ ಮೇಲಿನವರು ಪಕ್ಕದಲ್ಲೇ ನಿಂತಿದ್ದರು, ತೆಗೆಸಿದೆ. ಅಜ್ಜ ಮೊದಲಿನದನ್ನೂ ನೋಡಿದ್ದರು. "ಅವ್ರಿಗೆ ಬಿಟ್ಟಿ, ನನಗ್ಯಾಕ ಬ್ಯಾಡ ತಂಗಿ?" ಎಂದರು. ಸಿಟ್ಟು ಇರಲಿಲ್ಲ ಆ ಮಾತಲ್ಲಿ. ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಕೊಬ್ಬರಿಗೆ ಯಾಕೆ ತಡೆ ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ. ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಪವರ್ ಬ್ಯಾಂಕ್‌ನದೂ ಬೆಂಕಿಯ ಭಯವೇ. ಜನ ಕೂತಿರುವ ಕಡೆ ಹೊಗೆ ಬಂದರೆ ಕಾಣುತ್ತದೆ, ಆರಿಸಬಹುದು. ಕೆಳಗೆ ಸಾಮಾನಿನ ಕೋಣೆಯಲ್ಲಿ ಯಾರ ಕೈಯೂ ಮುಟ್ಟುವುದಿಲ್ಲ. ಅದಕ್ಕೇ ಪವರ್ ಬ್ಯಾಂಕ್ ಕೈಚೀಲದಲ್ಲಿ ಇರಬೇಕು. ಇಷ್ಟು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಜಗಳಕ್ಕೆ ಬರುವುದಿಲ್ಲ. "ರೂಲ್ಸ್ ರೀ" ಅಂದರೆ ಮಾತ್ರ ಬರುತ್ತಾರೆ.

ಬೆಳಗಾವಿಗೆ ಬಂದಾಗ ಇನ್ನೊಂದು ಕಷ್ಟ. ಇಲ್ಲಿ ಅರ್ಧ ಊರು ನಮ್ಮವರೇ. ಕಲಿಸಿದ ಸರ್ ಬರುತ್ತಾರೆ, ಓಣಿಯವರು ಬರುತ್ತಾರೆ. ಜೊತೆಗೆ ಉಡಿ, ಅಂದರೆ ತವರಿನವರು ಮಗಳ ಮಡಿಲಿಗೆ ತುಂಬಿ ಕಳಿಸುವ ಗಂಟು. ಮಗಳಿಗೆ ಉಡಿ ತುಂಬಿ ಕಳಿಸಿದ ಕೊಬ್ಬರಿ ಬಟ್ಟಲನ್ನು ತೆಗೆದು ಇಡಿ ಅನ್ನುವುದು ಸುಮ್ನೆ ಮಾತಲ್ಲ. ತವರಿನದು ಅದು.

ಹಾಗಾಗಿ ಬ್ಯಾಗು ಯಂತ್ರದೊಳಗೆ ಹೋಗುವ ಮೊದಲೇ ಎಲ್ಲರಿಗೂ ಒಂದೇ ಮಾತು ಕೇಳತೊಡಗಿದೆ: "ಉಡಿಯೊಳಗ ಕೊಬ್ಬರಿ ಅದಾವೇನ್ರಿ? ಪವರ್ ಬ್ಯಾಂಕ್?" ಮರಾಠಿಯವರಿಗೆ ಮರಾಠಿಯಲ್ಲಿ. ಆ ಹೊತ್ತಿಗೆ ಕಳಿಸಲು ಬಂದವರು ಇನ್ನೂ ಬಾಗಿಲ ಹೊರಗೇ ಇರುತ್ತಾರೆ. ಕೊಬ್ಬರಿ ತಾಯಿಯ ಕೈಗೇ ವಾಪಸ್ ಹೋಗುತ್ತದೆ, ಕಸದ ಡಬ್ಬಿಗಲ್ಲ. ಅಕ್ಕಿ, ಉತ್ತತ್ತಿ, ರವಿಕೆಯ ಕಣ ಎಲ್ಲ ಹಾಗೇ ಇರುತ್ತದೆ. ಉಡಿಯನ್ನು ನಾನು ಬಿಚ್ಚುವುದಿಲ್ಲ. ಮೇಜಿನ ಮೇಲೆ ಇಟ್ಟು ಅವರಿಂದಲೇ ಬಿಚ್ಚಿಸುತ್ತೇನೆ.

ಕುಂದಾ, ಕರದಂಟಿನ ಡಬ್ಬಿಗಳ ಕಥೆ ಬೇರೆ. ಪರದೆಯಲ್ಲಿ ಲೋಹ ನೀಲಿಯಾಗಿ ಕಾಣುತ್ತದೆ, ತಿನ್ನುವ ಪದಾರ್ಥ ಕಿತ್ತಳೆ ಬಣ್ಣ. ಸ್ಫೋಟಕವೂ ಕಿತ್ತಳೆಯೇ. ದಟ್ಟವಾದ ಮುದ್ದೆ, ಪಕ್ಕದಲ್ಲಿ ಚಾರ್ಜರ್ ವೈರು ಇದ್ದರೆ ತೆರೆಯಲೇಬೇಕು. ತೆರೆಯುವಾಗ ಕಾರಣ ಹೇಳುತ್ತೇನೆ. ಸಿಹಿ ಪ್ರತ್ಯೇಕ, ವೈರು ಪ್ರತ್ಯೇಕ ಇಟ್ಟರೆ ನಿಮಗೂ ಬೇಗ, ನಮಗೂ ಬೇಗ.

ಪರದೆ ಮುಂದೆ ಒಬ್ಬರು 20 ನಿಮಿಷಕ್ಕಿಂತ ಹೆಚ್ಚು ಕೂರುವಂತಿಲ್ಲ. ಆಮೇಲೆ ಕಣ್ಣು ನೋಡುತ್ತಿರುತ್ತದೆ, ಮನಸ್ಸಿಗೆ ಏನೂ ಹತ್ತುವುದಿಲ್ಲ. ಸಾಲು ಉದ್ದ ಇದ್ದಾಗ "ಇನ್ನೈದು ನಿಮಿಷ" ಅನ್ನಿಸುತ್ತದೆ. ನಾನು ಎದ್ದುಬಿಡುತ್ತೇನೆ. ಸಾಲು ಕಾಯಲಿ.

ಹೋದ ತಿಂಗಳು ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಬಂದರು. ಬೆಂಗಳೂರಲ್ಲಿ ಮಗಳ ಕುಬಸ, ಅಂದರೆ ಸೀಮಂತ. ಉಡಿಯಲ್ಲಿ ಐದು ಕೊಬ್ಬರಿ ಬಟ್ಟಲು. "ನೀನೇ ಇದ್ದೀಯಲ್ಲ, ಇನ್ನೇನ ಚಿಂತಿ" ಎಂದು ನಕ್ಕರು. ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ. ಹೊರಗಿದ್ದ ಕಾಕಾನ ಕೈಗೆ ಐದನ್ನೂ ಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಬೆಂಗಳೂರಲ್ಲಿ ಇಳಿದ ಮೇಲೆ ಅಂಗಡಿಯಲ್ಲಿ ಬೇರೆ ತಗೊಂಡರಂತೆ. ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಈ ರಜೆಗೆ ಅವರ ಮನೆಗೆ ಹೋಗಿ ಬರಬೇಕು.